ಕೇಳ್ತಾ ಉಂಟಾ?

ನಮ್ಮ ಕಡೆ ಈಗ ಫೋನಿನಲ್ಲಿ "ಹೇಗಿದ್ದೀರಿ?" ಎಂದು ಯಾರೂ ಕೇಳುವುದಿಲ್ಲ. "ಕೇಳ್ತಾ ಉಂಟಾ?" ಎನ್ನುತ್ತಾರೆ. ಆಚೆಯಿಂದ "ಈಗ ಕೇಳ್ತದೆ, ನಿಮಗೆ?" ಎಂದು ಬರುತ್ತದೆ. ಅಷ್ಟರಲ್ಲಿ ಲೈನ್ ಕಟ್. ಕುಶಲ ವಿಚಾರಿಸಿದ ಪುಣ್ಯ ಇಬ್ಬರಿಗೂ ಬಂತು!

ಬೇರೆಯವರನ್ನು ಹೇಳುವುದೆಂತಕ್ಕೆ? ಸಾವಿರ ಕಂಬದ ಬಸದಿಯಿರುವ ಮೂಡುಬಿದಿರೆಯಲ್ಲಿದ್ದುಕೊಂಡು ಒಂದು ಕಡ್ಡಿ ಸಿಗ್ನಲ್ಲಿಗಾಗಿ ಅಂಗಳಕ್ಕೆ ಓಡುವವ ನಾನು. ಬೆಳ್ತಂಗಡಿಯ ನನ್ನ ಸೋದರಮಾವನಿಗೆ ಗಡಾಯಿಕಲ್ಲು ಕಾಣುವ ತೋಟದ ಮೂಲೆಯಲ್ಲಿ ಮಾತ್ರ ಟವರ್ ಸಿಗುತ್ತಿತ್ತು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕಾಲಲ್ಲಿ ಉಂಬುಳ. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, ಮರುತಿಂಗಳು ಜಿಯೋ ವೈಫೈ ಮೂಲಕವೇ ಮಾಮೂಲಿ ಕರೆ ಮಾಡುವ ಸೌಕರ್ಯ ಕೊಟ್ಟವು. ಮಾವನೂ ಫೈಬರ್ ಎಳೆಸಿದರು. ಉಂಬುಳದ ಕಾಟ ತಪ್ಪಿತು, ಸ್ವರದ ಕಾಟ ಶುರುವಾಯಿತು.

"100 ಎಂಬಿಪಿಎಸ್ ಹಾಕಿಸಿದ್ದೇನೆ ಮಾರಾಯ. ಆದ್ರೂ ಮಗನ ಮಾತು ತುಂಡು ತುಂಡು. 200 ಹಾಕಿಸ್ಲಾ?"

"ಬೇಡ ಮಾವ, ನಾನೇ ಬರ್ತೇನೆ" ಎಂದೆ. ಹೋಗಿ ನೋಡಿದರೆ ರೂಟರ್ ಎಲ್ಲಿ? ಸ್ಟೀಲಿನ ಕಪಾಟಿನೊಳಗೆ, ಬೀಗ ಹಾಕಿ! ಕಳ್ಳರ ಭಯವಲ್ಲ, ಮೊಮ್ಮಕ್ಕಳ ಭಯ. ಆಯುಧಪೂಜೆಯ ಕುಂಕುಮ ಆಂಟೆನಾದಲ್ಲಿ ಹಾಗೇ ಇತ್ತು. ಪೂಜೆ ಮಾಡಿ ಜೈಲಿಗೆ ಹಾಕಿದ್ದರು ಪಾಪ. ಹೊರಗೆ ತೆಗೆದು ಚಾವಡಿಯ ನಡುಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಿದೆ. ಮುರಕಲ್ಲಿನ ಗೋಡೆ ದಾಟುವಾಗ 5 ಗಿಗಾಹರ್ಟ್ಸ್‌ಗೆ ಏದುಸಿರು. ಚಾವಡಿಗೆ ಅದು, ದೂರದ ಕೋಣೆಗೆ 2.4. ಅದರಲ್ಲೂ ಚಾನೆಲ್ 1, 6, 11ರಲ್ಲಿ ನೆರೆಮನೆಯವರು ಹಿಡಿಯದೆ ಬಿಟ್ಟದ್ದನ್ನು ಹಿಡಿಯಬೇಕು.

ಅರ್ಧ ರೋಗ ವಾಸಿ. ಉಳಿದರ್ಧಕ್ಕೆ ಬಂಟ್ವಾಳದ ಬಿ.ಸಿ.ರೋಡನ್ನು ನೆನಪಿಸಬೇಕಾಯಿತು. ಒಂದು ಕರೆಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 100 ಕಿಲೋಬಿಟ್, ಮಾವನ 100 ಎಂಬಿಪಿಎಸ್‌ನಲ್ಲಿ ಸಾವಿರದ ಒಂದು ಪಾಲು. ಸ್ವರ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಸೆಕೆಂಡಿಗೆ 50 ಪೊಟ್ಟಣಗಳಲ್ಲಿ ಹೊರಡುತ್ತದೆ. ಪೊಟ್ಟಣ ಚಿಕ್ಕದು, ಆದರೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಪಾಯಸ ಉಂಡು ಎದ್ದ ಮೇಲೆ ಬಂದ ಉಪ್ಪಿನಕಾಯಿಯನ್ನು ಯಾರು ನೆಕ್ಕುತ್ತಾರೆ? ತಡವಾದ ಸ್ವರವನ್ನೂ ಫೋನ್ ಎಸೆದುಬಿಡುತ್ತದೆ. ಆಗಲೇ ಮಗನ ಮಾತು ತುಂಡಾಗುವುದು.

ತಡ ಯಾಕೆ? ಅದೇ ಹೊತ್ತಿಗೆ ಮೊಮ್ಮಗ ಯಕ್ಷಗಾನದ ವಿಡಿಯೋವನ್ನು ಯೂಟ್ಯೂಬಿಗೆ ಏರಿಸುತ್ತಿದ್ದ. ಬಿ.ಸಿ.ರೋಡಿನಲ್ಲಿ ಸಾಲುಗಟ್ಟಿದ ಟ್ಯಾಂಕರುಗಳ ಹಿಂದೆ ಮಾವನ ಸ್ಕೂಟರ್! ರಸ್ತೆ ಅಗಲ ಮಾಡಿದರೆ ಟ್ಯಾಂಕರೂ ಹೆಚ್ಚು ಬರುತ್ತದೆ. ಬೇಕಾದದ್ದು ಪೊಲೀಸ್. ರೂಟರಿನಲ್ಲಿ ಅವನ ಹೆಸರು ಕ್ಯೂಓಎಸ್. ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇ. 90ಕ್ಕೆ ಇಳಿಸಿ, ಧ್ವನಿಗೆ ಮೊದಲ ಸರದಿ ಕೊಟ್ಟೆ. ಸಾಲು ನಮ್ಮ ಮನೆಯೊಳಗೇ ನಿಂತರೆ ಯಾರನ್ನು ಮೊದಲು ಬಿಡಬೇಕೆಂಬ ಅಧಿಕಾರವೂ ನಮ್ಮದೇ. ಅಂದಹಾಗೆ ರೂಟರಿನ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇತ್ತು. ನಗಬೇಡಿ, ನಿಮ್ಮದೂ ಅದೇ ಇರಬಹುದು.

ಸೊಸೆಯ ಕಂಪೆನಿ ಕೊಟ್ಟ ಇಂಟರ್ನೆಟ್ ಫೋನಿನದು ಬೇರೆಯೇ ಕಾಯಿಲೆ: ಇವರ ಮಾತು ಅವರಿಗೆ ಕೇಳುತ್ತದೆ, ಅವರದ್ದು ಇವರಿಗಿಲ್ಲ. ಆ ಫೋನನ್ನು ಮಾವ ಎತ್ತಿದ್ದ ಎರಡು ದಿನ ದೋಷವೇ ಗೊತ್ತಾಗಲಿಲ್ಲ. ಅವರು ಆಚೆಯವರಿಗೆ ಮಾತಾಡಲು ಬಿಟ್ಟರೆ ತಾನೇ! ಇದರಲ್ಲಿ ಕೈಯಾಡಿಸಿದ್ದು ರೂಟರಿನೊಳಗೇ ಕೂತ ಸಿಪ್ ಎಎಲ್‌ಜಿ ಎಂಬ ಅಧಿಕಪ್ರಸಂಗಿ. ಸಹಾಯ ಮಾಡುತ್ತೇನೆಂದು ಕಾಗದದ ವಿಳಾಸ ತಿದ್ದಿ ಕೆಡಿಸುವ ಅಂಚೆಯವನಂತೆ. ಆಫ್ ಮಾಡಿದೆ, ಎರಡೂ ಕಿವಿಗೆ ಜೀವ ಬಂತು.

ಇನ್ನು ಕರೆಂಟು. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರು ಕತ್ತಲಾದರೂ ಅದು ಟ್ರಿಣ್ ಎನ್ನುತ್ತಿತ್ತು. ಫೈಬರ್ ಗಾಜಿನ ಎಳೆ, ಕರೆಂಟ್ ತರುವುದಿಲ್ಲ. ಹಾಗಾಗಿ ರೂಟರಿಗೊಂದು ಪುಟ್ಟ ಯುಪಿಎಸ್ ಬೇಕೇ ಬೇಕು. ಪತ್ತನಾಜೆಯ ಹೊತ್ತಿನ ಗುಡುಗಿಗೆ ಮಾತ್ರ ಮುಲಾಜು ಬೇಡ, ಮೊದಲು ಅಡಾಪ್ಟರ್ ಕೀಳಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಮಾವನ ಮನೆಯಿಂದ ಈಗ ಕರೆ ಗಾಜಿನಷ್ಟು ಸ್ಪಷ್ಟ. ನಿನ್ನೆ ಅಡಿಕೆ ಧಾರಣೆಯಿಂದ ಶುರುವಾಗಿ ಮಂಗನ ಕಾಟಕ್ಕೆ ಮುಟ್ಟುವಾಗ ಮುಕ್ಕಾಲು ಗಂಟೆ. ಹಳೆ ಅಭ್ಯಾಸದಲ್ಲಿ "ಹಲೋ, ಕೇಳ್ತಾ ಇಲ್ಲ ಮಾವ" ಎಂದು ನೋಡಿದೆ. "ನನಗೆ ಚಂದ ಕೇಳ್ತದೆ. ಸರಿ ಮಾಡಿದ್ದು ನೀನೇ ಅಲ್ವಾ?" ಎಂದರು. ರೂಟರಿಗೆ ಕೈ ಹಾಕುವ ಮೊದಲು ಇದನ್ನೂ ಸ್ವಲ್ಪ ಯೋಚಿಸಿ ಮಾರಾಯ್ರೆ.