ನೂರು ವ್ಯಾಟಿನ ಗುಂಯ್‌ಗಾನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟಹೊರಡುವ ಗೃಹಸ್ಥನು, ಅಂಗಡಿಯ ಸಿದ್ಧ ಯಂತ್ರಕ್ಕಿಂತ ಇದು ಅಗ್ಗವೆಂದು ಮನೆಯವರನ್ನು ನಂಬಿಸುವುದರಿಂದಲೇ ಕಾರ್ಯಾರಂಭ ಮಾಡುತ್ತಾನೆ. 230 ವೋಲ್ಟಿನ ಮನೆವಿದ್ಯುತ್ತನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರೆಂಬ ತಾಮ್ರದ ಗಡ್ಡೆಯನ್ನು ಆಟೋದಿಂದ ಇಬ್ಬರು ಸೇರಿ ಇಳಿಸುವಾಗಲೇ ಆ ನಂಬಿಕೆ ಕುಸಿಯುತ್ತದೆ.

2ಎನ್3055 ಎಂಬ ಹಳೆಯ ಟ್ರಾನ್ಸಿಸ್ಟರಿನ ಲೋಹದ ಕವಚವೇ ಕಲೆಕ್ಟರ್ ಎಂಬ ಅದರ ತುದಿಯೂ ಆಗಿರುವುದರಿಂದ, ಅದಕ್ಕೂ ಶಾಖ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೂ ನಡುವೆ ವಿದ್ಯುತ್ ಹರಿಯದಂತೆ ಮೈಕಾದ, ಅಂದರೆ ಕಾಗೆಬಂಗಾರದ, ತೆಳುವಾದ ಪಾರದರ್ಶಕ ಬಿಲ್ಲೆಯನ್ನಿಡಬೇಕು. ಅದು ಕೈಜಾರಿದಾಗ ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಮಂಚದಡಿ ತೆವಳುವುದು ಈ ಶಾಸ್ತ್ರದ ಅಲಿಖಿತ ಅಂಗವೆನ್ನಬಹುದು. ಇಷ್ಟಾದ ಮೇಲೆ ಮೊದಲು ಕೇಳಿಬರುವುದು ಸಂಗೀತವಲ್ಲ, ಹಮ್. ಅರ್ಥಿಂಗ್ ತಂತಿಗಳು ಎಲ್ಲೋ ಉಂಗುರವಾಗಿ ಕೂಡಿಕೊಂಡಾಗ 50 ಹರ್ಟ್ಸಿನಲ್ಲಿ ಹೊರಡುವ ಈ ಗುಂಯ್‌ಕಾರವು ಎಷ್ಟು ಸ್ಥಿರವೆಂದರೆ, ಪಡಸಾಲೆಯ ಅಜ್ಜ ಅದನ್ನೇ ಶ್ರುತಿಯೆಂದು ಹಿಡಿದು ಆಲಾಪನೆ ಆರಂಭಿಸಿದರೆ ತಪ್ಪೆನ್ನಲಾಗದು.

ಇನ್ನು ಶಕ್ತಿಯನ್ನು 50 ವ್ಯಾಟಿನಿಂದ 100ಕ್ಕೆ ಏರಿಸಿದರೂ ಧ್ವನಿಮಟ್ಟ ಹೆಚ್ಚುವುದು ಕೇವಲ 3 ಡೆಸಿಬಲ್, ಅಂದರೆ ಕಿವಿಗೆ ತುಸುವೇ ಹೆಚ್ಚು. ಆ ತುಸುವನ್ನು ತಪ್ಪದೆ ಗುರುತಿಸಿ, ಮೆಟ್ಟಿಲಿಳಿದು ಬಂದು ಬಾಗಿಲು ಬಡಿಯುವ ಏಕೈಕ ರಸಿಕರು ಮೇಲ್ಮಹಡಿಯ ಬಾಡಿಗೆದಾರರು.