ಕಾರಣದ ಕಾಕಾ

ಬೈಲಹೊಂಗಲ ಸೀಮೆಯಲ್ಲಿ ಶಕುನ ನಂಬುವವರಿಂದ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಅವರು ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಾರೆ, ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟುತ್ತಾರೆ, ತಮ್ಮ ಪಾಡಿಗೆ ತಾವಿರುತ್ತಾರೆ. ಪ್ರಾಣ ಹಿಂಡುವವರು ಆ ನಿಂಬೆಹಣ್ಣಿಗೆ ವೈಜ್ಞಾನಿಕ ಕಾರಣ ಕೊಡುವವರು. ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ, ಸವದತ್ತಿ ಗುಡ್ಡದ ಪಾಳಿಯಲ್ಲಿ, ರಾಮದುರ್ಗದ ಚಹಾದಂಗಡಿಯಲ್ಲಿ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. “ನಮ್ಮ ಹಿರ್ಯಾರೇನ ದಡ್ಡರಲ್ಲ” ಎಂದು ಮಾತು ಶುರುವಾಯಿತೋ, ಎದ್ದುಬಿಡಬೇಕು. ನನಗೆ ಏಳುವ ಸವಲತ್ತಿಲ್ಲ. ನನ್ನ ಪಾಲಿಗೆ ಬಂದಿರುವವನು ನನ್ನ ಸ್ವಂತ ಕಾಕಾ.

ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿ, ಸರಕಾರಿ ನೌಕರಿಯಿಂದ ನಿವೃತ್ತನಾದ ಮನುಷ್ಯ. ಕಾಲುಂಗುರಕ್ಕೆ ನರದ ಕಾರಣ, ಗುಡಿಯ ಗಂಟೆಗೆ ತರಂಗದ ಕಾರಣ, ಹೊಸ್ತಿಲ ಅರಿಶಿಣಕ್ಕೆ ಕ್ರಿಮಿಯ ಕಾರಣ. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ರಕ್ತದೊಳಗಿನ ಕಬ್ಬಿಣವನ್ನು ಜಗ್ಗುತ್ತದಂತೆ. “ಕಾಕಾ, ಎಂಆರ್‌ಐ ಯಂತ್ರದಾಗ ಭೂಮಿಗಿಂತ ಸಾವಿರಾರು ಪಟ್ಟು ದೊಡ್ಡ ಅಯಸ್ಕಾಂತ ಇರತೈತಿ. ಒಳಗ ಹೋದವ್ರ ರಕ್ತ ಅಲ್ಲೇ ಉಳದಿಲ್ಲಲಾ?” ಎಂದು ಒಮ್ಮೆ ಕೇಳಿದೆ. “ಅದು ಕರೆಂಟಿನ ಅಯಸ್ಕಾಂತೋ ಹುಚ್ಚಾ, ಇದು ಭೂತಾಯಿದು” ಎಂದ. ಇದಕ್ಕೆ ಉತ್ತರ ಯಾವ ವಿಶ್ವವಿದ್ಯಾಲಯದಲ್ಲಿದೆಯೋ!

ಇಂಥವನ ಮಗ ಸ್ಟಟ್‌ಗಾರ್ಟ್‌ನಲ್ಲಿ ನೌಕರಿ ಹಿಡಿದು, ಅಲ್ಲಿಯದೇ ಹುಡುಗಿಯನ್ನು ಮೆಚ್ಚಿ, ಮದುವೆಗೆಂದು ಊರಿಗೆ ಕರೆದುಕೊಂಡು ಬಂದ. ಕಾಕಾ ಜಾತಿಯ ಮಾತೆತ್ತಲಿಲ್ಲ, ಧರ್ಮದ ಮಾತೆತ್ತಲಿಲ್ಲ. ಅದು ಅವನ ದೊಡ್ಡತನ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸು ಹಚ್ಚಿ 30 ದಿನ ಕಾಯಬೇಕು. ಆ 30 ದಿನ ಸರಿಯಾಗಿ ಧನುರ್ಮಾಸದಲ್ಲೇ ಬಂದವು. “ನೋಡು, ಸರಕಾರ ಸುದ್ದಾ ಧನುರ್ಮಾಸ ಪಾಳಸತೈತಿ. ಸುಮ್ಮನ ಮಾಡಿರತಾರೇನು?” ಎಂದು ಕಚೇರಿಯ ಗುಮಾಸ್ತನಿಗೇ ವಿವರಿಸಿ ಬಂದ.

ಹುಡುಗಿಗೆ ಕನ್ನಡ ಬಾರದು, ಕಾಕಾನ ಇಂಗ್ಲಿಷು ಉದ್ವೇಗದಲ್ಲಿ ಕೈಕೊಡುತ್ತದೆ. ಹೀಗಾಗಿ ದುಭಾಷಿಯ ಕೆಲಸ ಶಾಲಾ ಮಾಸ್ತರನಾದ ನನ್ನ ಕೊರಳಿಗೆ ಬಿತ್ತು. ನಮ್ಮ ಆಯಿ, ಅಂದರೆ ಕಾಕಾನ ಅವ್ವ, “ಮಂಗಳವಾರ ಉಗುರು ತಗೀಬ್ಯಾಡ ತಂಗಿ” ಎಂದು ಒಂದು ಮಾತು ಹೇಳಿ ಸುಮ್ಮನಾಗುವಳು. ಹುಡುಗಿಯೂ ತಲೆಯಾಡಿಸಿ ಸುಮ್ಮನಾಗುವಳು. ಇಬ್ಬರ ನಡುವೆ ಅಲ್ಲಿಗೆ ವ್ಯವಹಾರ ಮುಗಿಯಿತು. ಆದರೆ ಕಾಕಾ ಕುರ್ಚಿ ಎಳೆದುಕೊಂಡು ಕೂಡುವನು; ಮಂಗಳ ಗ್ರಹದಿಂದ ಹಿಡಿದು ಉಗುರಿನ ಕ್ಯಾಲ್ಸಿಯಂವರೆಗೆ ನಾನು ಇಂಗ್ಲಿಷಿಗೆ ತರಬೇಕು. ಸ್ಟಟ್‌ಗಾರ್ಟ್‌ನಲ್ಲಿ ತನ್ನ ಗೆಳತಿಯೊಬ್ಬಳು ಫಿಲಿಪೀನ್ಸಿನವಳು, ಜರ್ಮನ್ ಹುಡುಗನನ್ನು ಮದುವೆಯಾಗಿದ್ದಾಳೆ, ಒಡಹುಟ್ಟಿದವರಿಬ್ಬರ ಮದುವೆ ಒಂದೇ ವರ್ಷ ಮಾಡಬಾರದೆಂದು ಅವರ ಕಡೆ ನಂಬುತ್ತಾರೆ ಎಂದು ಹುಡುಗಿ ಒಂದು ದಿನ ಹೇಳಿದಳು. “ನಮ್ಮಲ್ಲೂ ಆರ ತಿಂಗಳ ಬಿಡತೀವಿ” ಎಂದಳು ಆಯಿ. ಕಾಕಾನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಎರಡು ದೇಶ ಒಂದೇ ಮಾತು ಹೇಳಿದ ಮೇಲೆ ಅದು ವಿಜ್ಞಾನವಲ್ಲದೆ ಮತ್ತೇನು?

ಬೀಗರು ಬಂದರು. ಹುಡುಗಿಯ ಅಪ್ಪ ಮೋಟಾರು ಕಾರ್ಖಾನೆಯ ಎಂಜಿನಿಯರು, ಮಾತು ಕಡಿಮೆ. ಅವರನ್ನು ಕಿತ್ತೂರು ಕೋಟೆಗೆ ಕರೆದೊಯ್ದೆವು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಗುಂಡಿಗೆ ಬಲಿಯಾದದ್ದು 1824ರ ಅಕ್ಟೋಬರ್ 23ರಂದು. ಅದು ಶನಿವಾರವೆಂದು ಕಾಕಾ ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದ. ಶನಿವಾರ 9ರಿಂದ 10:30 ರಾಹುಕಾಲ. ಸಾಹೇಬ ಅದನ್ನು ನೋಡದೆ ಹೊರಬಿದ್ದದ್ದೇ ಅವನ ಸಾವಿಗೆ ಮೂಲ ಎಂದು ಮುರುಕು ಗೋಡೆಯ ಮುಂದೆ ನಿಂತು ಸಾಧಿಸಿದ. ಬೀಗರು ಬಹಳ ವಿನಯದಿಂದ ಕೇಳಿದರು: “ರಾಣಿಯವರಿಗೂ ಆಗ ಅದೇ ರಾಹುಕಾಲ ಇತ್ತಲ್ಲವೇ?” ನಾನು ಈ ಪ್ರಶ್ನೆಯನ್ನು ಅಕ್ಷರ ಬಿಡದೆ ಅನುವಾದ ಮಾಡಿದೆ, ಅಷ್ಟು ಶ್ರದ್ಧೆಯಿಂದ ನಾನು ತರಗತಿಯಲ್ಲಿಯೂ ಪಾಠ ಮಾಡಿದ್ದಿಲ್ಲ. ಕಾಕಾ ಸ್ವಲ್ಪ ಯೋಚಿಸಿ, “ಆಕಿ ಒಳಗಿದ್ಲು, ಅಂವಾ ಹೊರಗಿದ್ದ” ಎಂದ.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ “ಉಧೋ ಉಧೋ” ಎನ್ನುತ್ತ ಜನ ಎರಚಿದ ಭಂಡಾರದಿಂದ ಬೀಗತಿ ತಲೆಯಿಂದ ಪಾದದವರೆಗೆ ಹಳದಿಯಾಗಿ, ಮಗುವಿನಂತೆ ನಕ್ಕರು. ಕಾಕಾ ಅರಿಶಿಣದ ಔಷಧಿಗುಣ ಹೇಳಲು ಬಾಯಿ ತೆರೆದ. ಬಾಯೊಳಗೂ ಭಂಡಾರ ಹೋಯಿತು. ಎಲ್ಲವ್ವ ಸತ್ಯುಳ್ಳವಳು.

ಮರುದಿನ ರಾಮದುರ್ಗ ತಾಲೂಕಿನ ಸುರೇಬಾನಕ್ಕೆ ಹೋಗಿ, ಶಬರಿಕೊಳ್ಳ ನೋಡಿಕೊಂಡು ಬರುವಾಗ ಬಾರಿಹಣ್ಣು ಕೊಂಡೆವು. ಹುಡುಗಿ ಒಂದನ್ನು ಅರ್ಧ ಕಚ್ಚಿ, ಸಿಹಿಯಾಗಿದೆಯೆಂದು ಉಳಿದರ್ಧವನ್ನು ಆಯಿಯ ಕೈಗಿಟ್ಟಳು. ಕಾಕಾ ಹೌಹಾರಿದ. ಎಂಜಲು, ಜೊಲ್ಲು, ಬ್ಯಾಕ್ಟೀರಿಯಾ... ನಾನು ಇಂಗ್ಲಿಷು ಹುಡುಕುವಷ್ಟರಲ್ಲಿ ಆಯಿ ಹಣ್ಣು ತಿಂದು ಬೀಜ ಉಗುಳಿದ್ದಳು. “ರಾಮದೇವ್ರ ತಿಂದಾನ. ನನಗೇನ ಧಾಡಿ?”

ಇವೆಲ್ಲ ಸಣ್ಣ ಮಾತು. ಅಕ್ಕಿಕಾಳಿನ ಹಿಂದಿನ ಸಂಜೆ ಆದದ್ದನ್ನು ಹೇಳುತ್ತೇನೆ.

ಜರ್ಮನಿಯಲ್ಲಿ ಮದುವೆಯ ಮುನ್ನಾದಿನ ಪೋಲ್ಟರ್‌ಆಬೆಂಡ್ ಎಂದು ಮಾಡುತ್ತಾರೆ. ಬಂಧುಬಳಗ ಸೇರಿ ಪಿಂಗಾಣಿ ಸಾಮಾನು ನೆಲಕ್ಕೆ ಅಪ್ಪಳಿಸಿ ಒಡೆಯಬೇಕು, ಮದುಮಕ್ಕಳು ಕೂಡಿ ಚೂರು ಗುಡಿಸಬೇಕು. ಬೀಗತಿ ಯಾರಿಗೂ ಹೇಳದೆ ಪೇಟೆಯಿಂದ ಒಂದು ಬುಟ್ಟಿ ಕಪ್ಪುಬಶಿ ತರಿಸಿಟ್ಟಿದ್ದರು. ದೇವರ ಮುಂದೆ ದೀಪ ಹಚ್ಚಿದ್ದೇ ತಡ, ಅಂಗಳದಲ್ಲಿ ಫಳ್ ಎಂದಿತು. ಮತ್ತೊಂದು. ಮೂರನೆಯದಕ್ಕೆ ಇಡೀ ಓಣಿಯೇ ಓಡಿಬಂತು. ಬೀಗರ ನಡುವೆ ಜಗಳ ಹತ್ತಿತೆಂದು ಬಿಡಿಸಲು ಬಂದವರು ಕೆಲವರು, ನೋಡಲು ಬಂದವರು ಹೆಚ್ಚು. ನಮ್ಮಲ್ಲಿ ಗಡಿಗೆ ಒಡೆಯುವುದು ಹೆಣದ ಮುಂದೆ. ಮದುವೆ ಚಪ್ಪರದ ಕೆಳಗಲ್ಲ. ನನಗೂ ಹುಮ್ಮಸ್ಸು ಬಂದು ಒಂದು ಗಾಜಿನ ಲೋಟ ಎತ್ತಿದೆ. ಬೀಗತಿ ಚೀರಿ ಕೈ ಹಿಡಿದರು: ಗಾಜು ಕೂಡದು, ಗಾಜು ಒಡೆದರೆ ಕೇಡು!

ಅಷ್ಟರಲ್ಲಿ ಮದುಮಕ್ಕಳು ಕಸಬರಿಗೆ ಹಿಡಿದರು. ಕಾಕಾನಿಗೆ ಸ್ವರ ಮರಳಿತು. “ದೀಪಾ ಹಚ್ಚಿದ ಮ್ಯಾಲೆ ಕಸಾ! ಲಕ್ಷ್ಮೀ ಹೊಕ್ಕಾಳು... ಅಂದ್ರ, ವೈಜ್ಞಾನಿಕವಾಗಿ, ಕತ್ತಲದಾಗ ಬಂಗಾರ ಬಿದ್ದಿದ್ರ ಕಸದ ಕೂಡ ಹೊಕ್ಕೈತಿ.” ಎಂಜಿನಿಯರ್ ಬೀಗರು ಮಾತಾಡದೆ ತಲೆ ಎತ್ತಿ ಚಪ್ಪರದ ಎಲ್‌ಇಡಿ ದೀಪಗಳ ಸಾಲು ನೋಡಿದರು. ಕಾಕಾ ನನ್ನತ್ತ ತಿರುಗಿದ: “ಮೊದಲ ಇದನ್ನ ಕೇಳು. ಇವ್ರು ಒಡ್ಯೂದು ಯಾಕ?”

ಕೇಳಿದೆ. “ಒಡೆದರೆ ಒಳ್ಳೆಯದಾಗುತ್ತದೆ” ಎಂದರು ಬೀಗರು.

“ಕಾರಣ?”

“ಕಾರಣ ಏನಿಲ್ಲ.”

ಜರ್ಮನಿಯ ಎಂಜಿನಿಯರನೊಬ್ಬ ಹೀಗೆ ನಾಚಿಕೆಯಿಲ್ಲದೆ ಕಾರಣವಿಲ್ಲ ಎನ್ನುವುದನ್ನು ಕಂಡ ಕಾಕಾನ ಮುಖ ನಾನು ಬಣ್ಣಿಸಲಾರೆ. ಮಾವನಾಗುವ ಹಿಂದಿನ ರಾತ್ರಿಯೆಲ್ಲ ಜಂತಿ ನೋಡುತ್ತ ಮಲಗಿದ್ದ. ಆಯಿ ಮಾತ್ರ ಆ ಚೂರುಗಳಲ್ಲಿ ಒಂದಿಷ್ಟು ಎತ್ತಿಕೊಂಡು, ಮದುಮಕ್ಕಳಿಗೆ ಮೂರು ಸಲ ಇಳಿತೆಗೆದು, ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬಂದಿದ್ದಳು. “ಅವ್ರ ಊರಾಗೂ ನೆದರ ತಗೀತಾರ. ಸ್ವಲ್ಪ ತುಟ್ಟಿ, ಅಷ್ಟ.” ಆಯಿ ತಪ್ಪೇನೂ ಹೇಳಿರಲಿಲ್ಲ, ಸದ್ದಿಗೆ ದುಷ್ಟಶಕ್ತಿ ಓಡುತ್ತದೆಂಬುದೇ ಆ ಪದ್ಧತಿಯ ಹಿಂದಿನ ಹಳೆಯ ನಂಬಿಕೆ. ಬೆಳಗಾಗುವುದರಲ್ಲಿ ಕಾಕಾ ಅದಕ್ಕೂ ಒಂದು ತರಂಗ ಹುಡುಕಿದ್ದ. ಜರ್ಮನ್ ಪದ್ಧತಿಗೆ ಬೈಲಹೊಂಗಲದಿಂದ ವಿಜ್ಞಾನ ಸರಬರಾಜಾಯಿತು.

ಇವನು ಹುಟ್ಟಾ ಹೀಗಿರಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗ ಕಾಕಾ ಕಾಲೇಜು ಹುಡುಗ. ಅವರ ಫೋಟೋವನ್ನು ಪೇಪರಿನಿಂದ ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿದ್ದ. ಬೇಕಂತಲೇ ಅಮಾವಾಸ್ಯೆಯ ದಿನ ಕ್ಷೌರ ಮಾಡಿಸಿಕೊಂಡು ಆಯಿಯಿಂದ ಬೈಸಿಕೊಳ್ಳುತ್ತಿದ್ದ. ಎಷ್ಟೋ ವರ್ಷಗಳ ಮೇಲೆ, ಮಗನನ್ನು ಮೊದಲ ಸಲ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಿಡಲು ಹೊರಟ ದಿನ ಬೆಕ್ಕು ಅಡ್ಡ ಬಂತು. ಕಾಕಾ ಕಾರು ನಿಲ್ಲಿಸಿದ. ಮಗ ನಕ್ಕ. “ಎಂಜಿನ್ ಆರಲಿ ಅಂತೋ” ಎಂದ ಕಾಕಾ, ಸ್ಟೇರಿಂಗು ಬಿಗಿಯಾಗಿ ಹಿಡಿದುಕೊಂಡು. ಊರು ಬಿಟ್ಟು ಇನ್ನೂ ಎರಡು ಕಿಲೋಮೀಟರೂ ಆಗಿರಲಿಲ್ಲ. ನಾನು ಬಲ್ಲಂತೆ ಅವನ ಮೊದಲ ವೈಜ್ಞಾನಿಕ ಕಾರಣ ಅದೇ. ಆಮೇಲೆ ಮಗ ದೂರ ಇದ್ದಷ್ಟೂ ಕಾರಣಗಳು ಬೆಳೆದವು. ಬಿ.ಎಸ್ಸಿ. ಓದಿದವನಿಗೆ “ನನಗ ಅಂಜಿಕಿ ಬರತೈತಿ” ಎನ್ನಲು ಬರುವುದಿಲ್ಲ. ನನ್ನ ಬೈಕಿನ ಹ್ಯಾಂಡಲಿಗೂ ಒಂದು ಕರಿದಾರ ಇದೆ. ಅದನ್ನು ಕಟ್ಟಿದ್ದು ಹೆಂಡತಿ ಎಂದು ನಾನೂ ಕೇಳಿದವರಿಗೆಲ್ಲ ಹೇಳುತ್ತೇನೆ.

ಹೋದ ಚಳಿಗಾಲ ಸೊಸೆಯ ಹುಟ್ಟುಹಬ್ಬ. ಎಲ್ಲರಿಗಿಂತ ಮೊದಲು ಶುಭಾಶಯ ಹೇಳಬೇಕೆಂದು ಕಾಕಾ ರಾತ್ರಿ 12ಕ್ಕೆ ಎದ್ದು ವಿಡಿಯೋ ಕರೆ ಮಾಡಿದ. ಅಲ್ಲಿ ಹಿಂದಿನ ದಿನ ಸಂಜೆ 7:30. ಜರ್ಮನರಲ್ಲಿ ಹುಟ್ಟುಹಬ್ಬದ ಶುಭಾಶಯವನ್ನು ಮುಂಚೆ ಹೇಳಿದರೆ ಅಪಶಕುನ. ಸೊಸೆ ನಗುತ್ತಲೇ ಹೇಳಿದಳು, “ಮಾವಾರ, ಇನ್ನಾ ಆಗಿಲ್ರಿ. ಮೊದ್ಲ ಹೇಳಬಾರ್ದ್ರಿ.” ಮರುಕ್ಷಣ ಕಾಕಾ ನನ್ನ ಮನೆಯ ಬಾಗಿಲು ಬಡಿಯುತ್ತಿದ್ದ, ಕೈಯಲ್ಲಿ ಫೋನು, ಫೋನಿನಲ್ಲಿ ಇನ್ನೂ ಸೊಸೆ. ಯಾಕೆ, ಏನು, ಯಾವ ತರಂಗ, ಒಂದೂ ಕೇಳಲಿಲ್ಲ. “ಇದಕ್ಕ ಅವ್ರಲ್ಲಿ ಪರಿಹಾರ ಏನೈತಿ, ಲಗೂನ ಕೇಳೋ” ಎಂದ. ಪರಿಹಾರವೇನೂ ಇಲ್ಲವೆಂದು ಅವಳು ಹೇಳುವಷ್ಟರಲ್ಲಿ ಹಿಂದಿನಿಂದ ಆಯಿ ಮುಷ್ಟಿಯಲ್ಲಿ ಉಪ್ಪು ಸಾಸಿವೆ ಹಿಡಿದು ಬಂದಳು. ಫೋನಿನ ಸುತ್ತ ಮೂರು ಸಲ ಇಳಿತೆಗೆದಳು. ಕಾಕಾ ಅಲುಗಾಡದೆ ಫೋನು ಹಿಡಿದು ನಿಂತಿದ್ದ. ಸೋಡಿಯಂ ಕ್ಲೋರೈಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ.