ಸಿಲ್ವರ್ ಪೇಂಟ್ ದಾನಿಗಳಿಗೊಂದು ಬಹಿರಂಗ ಪತ್ರ

ಬೆಟ್ಟಂಪಾಡಿಯ ಸಮಸ್ತ ಹಿತೈಷಿಗಳಿಗೆ, ವಿಶೇಷವಾಗಿ ಗೇಟಿಗೆ ಬಳಿದು ಉಳಿದ ಅರ್ಧ ಡಬ್ಬಿ ಸಿಲ್ವರ್ ಪೇಂಟನ್ನು ನನಗೆಂದೇ ಎತ್ತಿಟ್ಟಿರುವ ಉದಾರಿಗಳಿಗೆ ನಮಸ್ಕಾರ.

ಪ್ಲಾಸ್ಟಿಕ್ ವಿಮಾನಕ್ಕೆ ಲೋಹದ ಮೈ ಬರಿಸಲು ನಾನು ಪಡುವ ಪಾಡು ಕಂಡು ನಿಮಗೆ ಕನಿಕರವಾಗಿದೆ. "ಇಷ್ಟು ಸಣ್ಣದಕ್ಕೆ ಎಂತ ಅಷ್ಟು ಕೆಲಸ ಮಾರಾಯ್ರೇ, ಒಂದು ಕೈ ಬಳಿದರೆ ಆಯ್ತಲ್ಲ" ಎಂದಿರಿ. ನಿಮ್ಮ ಪೇಂಟಿನ ಯೋಗ್ಯತೆಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಈ ಊರಿನ ಮಳೆಗೆ ಎದೆಯೊಡ್ಡಿ ನಿಂತ ಪೇಂಟ್ ಅದು. ತಕರಾರು ಇರುವುದು ವಿಮಾನದ್ದು.

ಮೇಜಿನ ಮೇಲಿರುವುದು ಫ್ರಾನ್ಸಿನ ಮಿಸ್ತೇರ್ ಯುದ್ಧವಿಮಾನದ ಮಾಡೆಲ್. 1965ರ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದದ್ದು ಇದೇ ಜಾತಿಯ ವಿಮಾನದಲ್ಲಿ. ತಮ್ಮ ವಿಮಾನಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಅವರು ಕೆಡವಿದರು, ಮರಳಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಸರ್ಕಾರ 23 ವರ್ಷ ತೆಗೆದುಕೊಂಡದ್ದಕ್ಕೆ ನಮ್ಮೂರಲ್ಲಿ ಯಾರೂ ಗೊಣಗಿದ್ದು ಕೇಳಿಲ್ಲ. ನಾನು ಒಂದು ಕೋಟು ಒಣಗಲೆಂದು ಕಾದರೆ ಮಾತ್ರ ನಿಮಗೆ ಚಡಪಡಿಕೆ.

ಅಸಲಿ ವಿಮಾನ ಸುಮಾರು 13 ಮೀಟರ್, ನನ್ನದು ಅದರ 72ನೇ ಒಂದು ಭಾಗ, 18 ಸೆಂಟಿಮೀಟರ್. ಬ್ರಶ್ಶಿನ ಅರ್ಧ ಮಿಲಿಮೀಟರ್ ಉಬ್ಬು ಅಲ್ಲಿ 36 ಮಿಲಿಮೀಟರಿನ ದಿಣ್ಣೆಯಾಗುತ್ತದೆ. ಗೇಟಿನ ಪೇಂಟಿನಲ್ಲಿರುವ ಅಲ್ಯೂಮಿನಿಯಂ ಪುಡಿಯ ಮಿನುಗೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಪುಡಿ ಬಹಳ ನಯವಾಗಿರುವ ಲ್ಯಾಕರ್ ಬೇಕು, ಅದನ್ನು ಏರ್‌ಬ್ರಶ್ಶಿನಲ್ಲಿ ಮಂಜಿನಷ್ಟು ತೆಳುವಾಗಿ ಹಾಯಿಸಬೇಕು. ಅದಕ್ಕೂ ಮೊದಲು ನೀರು ಹಾಕಿ ಸ್ಯಾಂಡ್‌ಪೇಪರ್ ಉಜ್ಜಿ, ಹೊಳೆಯುವ ಕಪ್ಪು ಬಳಿಯಬೇಕು. ಕಪ್ಪು ಎಷ್ಟು ನುಣುಪೋ ಲೋಹ ಅಷ್ಟು ನಿಜ. ಕಪ್ಪು ಬಳಿದ ದಿನ ನಿಮ್ಮಲ್ಲಿ ಒಬ್ಬರು ಇಣುಕಿ "ಕಾಗೆ ಮಾಡಿದ್ದಾ?" ಎಂದು ಕೇಳಿ ಹೋದದ್ದನ್ನು ಮರೆತಿಲ್ಲ.

ನಮ್ಮ ಯಕ್ಷಗಾನದ ಕಿರೀಟ, ಭುಜಕೀರ್ತಿಗಳಿಗೆ ಬೇಗಡೆ ಅಂಟಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಿಯ ಮರದ ತಗ್ಗುದಿಣ್ಣೆಯನ್ನು ಬೇಗಡೆ ಮುಚ್ಚುವುದಿಲ್ಲ, ಬೆಳಕು ಬಿದ್ದ ಕೂಡಲೇ ಡಂಗುರ ಸಾರುತ್ತದೆ. ವಿಮಾನದ ಮಾಡೆಲಿಗೂ ತೆಳು ಲೋಹದ ಹಾಳೆ ಅಂಟಿಸುವವರಿದ್ದಾರೆ. ತಾಳ್ಮೆಯಲ್ಲಿ ಅವರು ನನಗಿಂತ ಮೇಲು.

ಇನ್ನು, ನೀವು ಬೆಳ್ಳಿ ಎನ್ನುವುದು ಒಂದೇ ಬಣ್ಣವಲ್ಲ. ವಿಮಾನದ ಮೈಯ ತಗಡುಗಳು ಬೇರೆ ಬೇರೆ ಮಿಶ್ರಲೋಹದವು, ಒಂದು ಮಂಕಾದರೆ ಪಕ್ಕದ್ದು ಹೊಳೆಯುತ್ತದೆ. ಹಿಂಬದಿಯಲ್ಲಿ ಜೆಟ್ಟಿನ ಬಿಸಿಗೆ ಕಂದು, ನೀಲಿ ಛಾಯೆ ಏರುತ್ತದೆ. ಒಂದೊಂದು ತಗಡಿಗೂ ಟೇಪು ಅಂಟಿಸಿ ಪ್ರತ್ಯೇಕ ಛಾಯೆ ಕೊಡಬೇಕು. ಟೇಪು ಕೀಳುವಾಗ ಕೆಳಗಿನ ಕೋಟೂ ಎದ್ದು ಬರಬಾರದು.

"ಆಟಿಯಲ್ಲಿ ಕೆಲಸ ಇಲ್ಲವಲ್ಲ, ಆಗ ಮುಗಿಸಿ" ಎಂಬ ಸಲಹೆಯೂ ಬಂತು. ಆಟಿಯ ಮಳೆಯಲ್ಲಿ ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಲ್ಯಾಕರ್ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಅಡಿಕೆಗೆ ಬೋರ್ಡೋ ಹೊಡೆಯಲು ನೀವು ಹೊಳವು ಕಾಯುವುದಿಲ್ಲವೇ? ನಾನೂ ಕಾಯುತ್ತೇನೆ.

ಆ ಅರ್ಧ ಡಬ್ಬಿಯನ್ನು ದಯವಿಟ್ಟು ಪಂಪ್‌ಶೆಡ್ಡಿನ ಬಾಗಿಲಿಗೆ ಬಳಸಿ. ಸಹಾಯ ಮಾಡಲೇಬೇಕೆಂದಿದ್ದರೆ ಇಷ್ಟು ಮಾಡಿ: ನೋಡಲು ಬಂದಾಗ ವಿಮಾನವನ್ನು ಎತ್ತಬೇಡಿ. ಬೆರಳಿನ ಎಣ್ಣೆ ಲೋಹದ ಬಣ್ಣದ ಮೇಲೆ ಗುರುತು ಬಿಡುತ್ತದೆ, ಹಲಸಿನ ಹಪ್ಪಳ ತಿಂದ ಕೈಯಾದರಂತೂ ಹೇಳುವುದೇ ಬೇಡ.